ಆರು ಮಕ್ಕಳ ಲೆಕ್ಕ

ಕಾಲಿಸ್ಟರ್, ಒಂಟಾರಿಯೊ
12 ಮೇ 1975

ಪ್ರೀತಿಯ ಅಣ್ಣ ಡಂಕನ್,

‘ಪ್ರೀತಿಯ’ ಎಂದು ಬರೆದದ್ದು ಅಭ್ಯಾಸಬಲದಿಂದ. ನಿನ್ನ ಬೆನ್ನುನೋವು ಹೇಗಿದೆ? ಟೊರಾಂಟೊ ಆಫೀಸು ನಿನಗೆ ಹಿಡಿಸಿದೆಯೆಂದು ಅತ್ತಿಗೆ ಬರೆದಿದ್ದರು. ಅಮ್ಮ ಗಟ್ಟಿಯಾಗಿದ್ದಾಳೆ. ನನ್ನ ಟೆಸ್‌ಗೆ ಮಾತ್ರ ಹೊಟ್ಟೆನೋವು ನಿಂತಿಲ್ಲ. ಏಳು ವರ್ಷದವಳು, ಕಲಿತ ಅಕ್ಷರಗಳನ್ನೇ ಮರೆಯುತ್ತಿದ್ದಾಳೆ.

ಮಾರ್ಚಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಸೇರಿತ್ತು. ನಿಮ್ಮ ಕಂಪನಿಯ ಸೀಸದ ಕಾರ್ಖಾನೆಯ ಮ್ಯಾನೇಜರ್ ಪ್ರೆಂಟಿಸ್ ಒಂದು ಹಾಳೆ ಎತ್ತಿ ಹಿಡಿದ. ಕಾರ್ಖಾನೆ ಪಕ್ಕದ ನಮ್ಮ ಶಾಲೆಯ ಆರು ಮಕ್ಕಳ ರಕ್ತದಲ್ಲಿ ಸೀಸದ ಸರಾಸರಿ ಮೂವತ್ತೊಂದು, ಗುಡ್ಡದಾಚೆ ಶಾಲೆಯ ಆರು ಮಕ್ಕಳದ್ದು ಇಪ್ಪತ್ತೆರಡು. “ಈ ಅಂತರ ಆಕಸ್ಮಿಕ ಅಂತ ಲೆಕ್ಕಾನೇ ಹೇಳುತ್ತಮ್ಮಾ. ಮಕ್ಕಳ ಕೈ ತೊಳೆಸಿ, ಸಾಕು,” ಎಂದ. ಪಕ್ಕದ ಮನೆಯ ಒಕ್ಸಾನಾ ಎದ್ದು ನಿಂತು, “ಇಷ್ಟು ದಿನ ನಾವು ಮಕ್ಕಳ ಕೈನ ಕೆಸರಲ್ಲಿ ಅದ್ದಿ ಊಟಕ್ಕೆ ಕೂರಿಸ್ತಿದ್ವಿ ಅಂದ್ಕೊಂಡ್ಯೇನಯ್ಯಾ?” ಎಂದು ಗುಡುಗಿದಳು. ಹಾಳೆಯ ಕೆಳಗೆ, ಲೆಕ್ಕ ಹಾಕಿದವನೆಂದು, ನಿನ್ನ ಸಹಿ ಇತ್ತು. ನನ್ನ ಮೈ ಉರಿದುಹೋಯಿತು.

ಅಣ್ಣಾ, ಅಂತರ ಆಕಸ್ಮಿಕವೋ ಅಲ್ಲವೋ ಎಂದು ಅಳೆಯುವ ಈ ಪರೀಕ್ಷೆಯನ್ನು ನನಗೆ ಕಲಿಸಿದವನೇ ನೀನು. “ಮೊದಲು ವ್ಯತ್ಯಾಸ ಇಲ್ಲ ಅಂತಲೇ ಇಟ್ಕೋ ಇಸ್ಸೀ. ಆಗ ಬರೀ ಅದೃಷ್ಟದಿಂದ ಇಷ್ಟು ಅಂತರ ನೂರಕ್ಕೆ ಎಷ್ಟು ಸಲ ಬರುತ್ತೆ, ಅದನ್ನ ನೋಡು. ಐದಕ್ಕಿಂತ ಕಮ್ಮಿ ಬಂದ್ರೆ ಮಾತ್ರ ಅಂತರ ನಿಜ ಅನ್ನು,” ಎನ್ನುತ್ತಿದ್ದೆ. ನೋಡಿದೆ. ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ನೂರಕ್ಕೆ ಹತ್ತೊಂಬತ್ತು ಸಲ. ಆದರೆ ಆರೇ ಮಕ್ಕಳನ್ನಿಟ್ಟುಕೊಂಡು ಅಳೆದರೆ ಬೇರೇನು ಕಂಡೀತು? ವ್ಯತ್ಯಾಸ ಸಾಬೀತಾಗಲಿಲ್ಲ ಎನ್ನುವುದೂ ವ್ಯತ್ಯಾಸವೇ ಇಲ್ಲ ಎನ್ನುವುದೂ ಒಂದೇ ಅಲ್ಲವೆಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ನನಗೇ ಗೊತ್ತು. ನಿನಗೆ ಗೊತ್ತಿರಲಿಲ್ಲವೇ?

ನಾನೂ ಒಕ್ಸಾನಾಳೂ ಮನೆಮನೆ ಬಾಗಿಲು ತಟ್ಟಿದೆವು. ಕೆಲವರು ಮುಖಕ್ಕೇ ಬಾಗಿಲು ಹಾಕಿದರು. ಗಂಡಂದಿರ ಕೆಲಸ ಹೋದೀತೆಂಬ ಭಯ. ಕೊನೆಗೆ ಜಿಲ್ಲಾ ಡಾಕ್ಟರು ನಮ್ಮ ಕಡೆಯ ನಲವತ್ತೊಂದು, ಆ ಕಡೆಯ ಮೂವತ್ತೆಂಟು ಮಕ್ಕಳ ರಕ್ತ ತೆಗೆದರು. ಅಂತರ ಎಂಟು, ನಿನ್ನದಕ್ಕಿಂತ ಒಂದು ಕಡಿಮೆಯೇ. ಆದರೆ ಇಷ್ಟು ಮಕ್ಕಳಲ್ಲಿ ಅದು ಬರೀ ಅದೃಷ್ಟದಿಂದ ಬರುವುದು ಸಾವಿರಕ್ಕೆ ಎರಡು ಸಲ. ಮೂರು ಬಾರಿ ತಾಳೆ ನೋಡಿದೆ. ಮೂರನೆಯ ಬಾರಿ ಪೆನ್ಸಿಲ್ ಮುರಿಯಿತು, ಅಷ್ಟು ಒತ್ತಿ ಬರೆಯುತ್ತಿದ್ದೆ. ಅಷ್ಟು ಸಿಟ್ಟಿನಲ್ಲೂ ನಿನ್ನ ಹಾಳೆಯನ್ನು ಅರ್ಧ ನಂಬಿ ಟೆಸ್‌ಳನ್ನು ಇನ್ನೂ ಎರಡು ತಿಂಗಳು ಅದೇ ಶಾಲೆಯ ಅಂಗಳದಲ್ಲಿ ಆಡಲು ಬಿಟ್ಟೆನಲ್ಲ, ಅದನ್ನು ನಾನು ಯಾವ ಲೆಕ್ಕಕ್ಕೆ ಹಾಕಲಿ?

ಅತ್ತಿಗೆಗೆ ನನ್ನ ನೆನಪು ತಿಳಿಸು. ನಿನ್ನ ಮಕ್ಕಳಾದರೂ ಅಲ್ಲಿ ಒಳ್ಳೆಯ ಗಾಳಿ ಉಸಿರಾಡಲಿ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ.

ನಿನ್ನ ತಂಗಿ
ಇಸೊಬೆಲ್

ಲಕೋಟೆ ಅಂಟಿಸುವ ಮೊದಲು: ಶಾಲೆಯ ನರ್ಸ್ ಇವತ್ತು ಬಾಯಿಬಿಟ್ಟಳು. ಕಳೆದ ಅಕ್ಟೋಬರಿನಲ್ಲಿ ನಿಮ್ಮವರು ರಕ್ತಕ್ಕೆಂದು ಸೂಜಿ ಚುಚ್ಚಿದ್ದು ಎರಡೂ ಶಾಲೆ ಸೇರಿ ಐವತ್ತು ಮಕ್ಕಳಿಗಂತೆ. ನಿನ್ನ ಹಾಳೆಯಲ್ಲಿದ್ದದ್ದು ಹನ್ನೆರಡೇ. ಉಳಿದ ಮೂವತ್ತೆಂಟು ಮಕ್ಕಳ ಫಲಿತಾಂಶದ ಚೀಟಿ ಎಲ್ಲಿ? 22ರ ಗುರುವಾರ ಕಾರ್ಖಾನೆಯ ಮೇಲೆ ವಿಚಾರಣೆ ಇದೆ. ಚೀಟಿಗಳ ಸಮೇತ ನೀನೇ ಬಾ. ಬಾರದಿದ್ದರೆ ನಿನ್ನ ಹೆಸರನ್ನು ನಾನೇ ಎದ್ದು ಓದುತ್ತೇನೆ. ಅಮ್ಮನಿಗೆ ಹೇಳಿಯಾಗಿದೆ, ಮುಂದಿನ ಸಾಲಿನಲ್ಲಿ ಕೂರುತ್ತಾಳಂತೆ.