ಟೇಪಿನಲ್ಲಿ ನನ್ನ ದನಿ

ಕೊಪ್ಪ, ೧೪ ಮೇ ೧೯೭೮, ಭಾನುವಾರ

ಹೊಟ್ಟೆ ಇನ್ನೂ ಉರಿಯುತ್ತಿದೆ. ಹಾಡು ಕಟ್ಟಿದವಳು ನಾನು, ಹಾಡಿದವಳೂ ನಾನು. ಮೈದುನ ಚಲುವ ಟೇಪ್ ರೆಕಾರ್ಡರ್ ತಂದು ನಡುಮನೆಯಲ್ಲಿಟ್ಟ. ಇರುವುದು ಒಂದೇ ಮೈಕು. ಅದರ ಮುಂದೆ ಮಾವನ ಹಾರ್ಮೋನಿಯಂ!

"ಅಪ್ಪ ಮುಂದ್ಕೆ ಕೂತ್ಕಳ್ಲಿ. ಅತ್ಗೆ, ನೀನು ಅಡ್ಗೆಮನೆ ಬಾಗ್ಲಲ್ಲೇ ನಿಂತ್ಕಂಡು ಆಡು" ಅಂದ. ಮಾವನೆದುರು ಸೊಸೆ ಕೂರಬಾರದಂತೆ. ನಾನಾದರೂ ಹೋಗಿ ಅಲ್ಲೇ ನಿಂತು ಹಾಡಿದೆನಲ್ಲ!

ತಿರುಗಿಸಿ ಕೇಳಿದರೆ ಬರೀ ಹಾರ್ಮೋನಿಯಂ, ನಡುನಡುವೆ ಮಾವನ ಕೆಮ್ಮು. ನನ್ನ ದನಿ ಬಾವಿಯೊಳಗಿಂದ ಬಂದಂತಿದೆ, ಒಂದು ಪದವೂ ತಿಳಿಯದು.

"ಆರ್ಮೋನಿ ಏನ್ ಸಂದಾಗಿ ಬಂದದೆ ಕಣವ್ವಾ!" ಎಂದು ಮಾವ ಹಿಗ್ಗಿದರು.

ಹಾಡು ಮುಗಿದಾಗ ಅವರು ನೀರು ಕೇಳಿದ್ದರು. ಚೊಂಬು ಹಿಡಿದು ಮೈಕಿನ ಹತ್ತಿರ ಹೋಗಿದ್ದೆ, ಟೇಪು ಇನ್ನೂ ಓಡುತ್ತಿತ್ತು. ಅಷ್ಟುದ್ದದ ಟೇಪಿನಲ್ಲಿ ನನ್ನ ಬಾಯಿಂದ ಸ್ಪಷ್ಟವಾಗಿ ಕೇಳುವುದು ಅದೊಂದೇ: "ತಕಳಿ ಮಾವ, ನೀರು."