ಸಿಂಕಿನ ಕೆಳಗಿನ ಪದಗಳು

ಅಕ್ಕಾ,

ಇವತ್ತು ನಿನ್ನ ಬಟ್ಟೆಬರೆ ತರಲು ನಿಮ್ಮ ಮನೆಗೆ ಹೋಗಿದ್ದೆ. ಪರೀಕ್ಷೆಗೆಂದು ನೀನು ಸಿಂಕಿನ ಕೆಳಗಿನ ಗೋಡೆಗೆ ಅಂಟಿಸಿದ್ದ ಇಂಗ್ಲಿಷ್ ಪದಗಳ ಚೀಟಿಗಳನ್ನು ಭಾವ ಚಾಕುವಿನಿಂದ ಕೆರೆಯುತ್ತಿದ್ದರು.

"ನರ್ಸಮ್ಮ ಪಾಸಾಗಿ ವಿದೇಶಕ್ಕೆ ಹಾರ್ತಿದ್ಲಂತೆ. ಹಾರಿದ್ಲಲ್ಲ, ಸೀದಾ ಮೇಲಕ್ಕೇ!" ಎಂದು ನಕ್ಕರು.

"ಅದನ್ನ ಮುಟ್ಟಬೇಡಿ ಭಾವ," ಎಂದೆ.

ಕೆನ್ನೆಗೆ ಬಿದ್ದ ಏಟಿಗೆ ತಲೆ ಸಿಂಕಿನ ಅಂಚಿಗೆ ಬಡಿಯಿತು. ನೆಲಕ್ಕೆ ಕುಸಿದೆ. ಬಾಯಿ ತುಂಬ ರಕ್ತ. ಕಣ್ಣು ಬಿಟ್ಟರೆ ಉಳಿದ ಚೀಟಿಗಳು ಮುಖಕ್ಕೆ ನೇರವಾಗಿದ್ದವು. ಎವಿಡೆನ್ಸ್, ಅಂದರೆ ಸಾಕ್ಷ್ಯ. ಕಾನ್ಸಿಕ್ವೆನ್ಸ್, ಅಂದರೆ ಪರಿಣಾಮ. ನಿನ್ನದೇ ದುಂಡು ಅಕ್ಷರ.

ಕಳೆದ ಸಲ ಬಂದಾಗ ಗೇಲಿ ಮಾಡಿದ್ದೆನಲ್ಲ, "ಇಷ್ಟು ಕೆಳಗೆ ಯಾಕೇ ಅಂಟಿಸಿದ್ದೀಯ, ಇಲಿಗಳಿಗೆ ಪಾಠಾನಾ?" ಅಂತ. ನೀನೂ ನಕ್ಕು, "ನಂಗೆ ಓದೋಕೆ ಬಿಡುವು ಸಿಗೋದು ಇಲ್ಲೇ ಕಣೇ," ಅಂದಿದ್ದೆ. ನೀನು ಹೀಗೆ ಬಿದ್ದಲ್ಲೇ ಓದುತ್ತಿದ್ದೆ ಎಂದು ತಿಳಿಯದೆ, ನಾನು ಟೀ ಕುಡಿದು ಬಸ್ಸು ಹಿಡಿದಿದ್ದೆ.

ಕೈಗೆ ಸಿಕ್ಕಿದ್ದು ಕುಕ್ಕರ್. ಬಿದ್ದಲ್ಲಿಂದಲೇ ಬೀಸಿ ಭಾವನ ಮಂಡಿಗೆ ಬಾರಿಸಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ಚಾಕು ಎತ್ತಲೋ ಹಾರಿತು. ಅವನು ಅರಚುತ್ತಾ ನನ್ನ ಪಕ್ಕದಲ್ಲೇ ಉರುಳಿದ. ಕೂದಲು ಹಿಡಿದು ಅವನ ಮುಖವನ್ನು ಗೋಡೆಗೆ ತಿರುಗಿಸಿದೆ.

"ಓದೋ," ಎಂದೆ.