ರಾಶಿಮೋಡ ಎಂಬ ಪದದ ವಿಚಾರ

ಯಲ್ಲಾಪುರ, ಮಂಗಳವಾರ

ಪ್ರೀತಿಯ ಮಗಳು ನುಸ್ರತ್‌ಗೆ ಅಬ್ಬಾನ ಸಲಾಂ ಮತ್ತು ದುವಾ.

ನನ್ನ ಹಿಂದಿನ ಪತ್ರದಲ್ಲಿ ಒಂದು ತಪ್ಪಿದೆ. ತಾಲೂಕು ಮಟ್ಟದ ವಿಜ್ಞಾನ ಪ್ರಬಂಧ ಸ್ಪರ್ಧೆಯಲ್ಲಿ ವಜ್ರಳ್ಳಿಯ ದೀಕ್ಷಿತಾ ಕುರ್‌ಆನಿನ ಮಾತನ್ನು ತಿರುಚಿದಳೆಂದೂ, ತೀರ್ಪುಗಾರನಾಗಿದ್ದ ನಾನು ಅದನ್ನು ಪತ್ತೆಹಚ್ಚಿದೆನೆಂದೂ ಬರೆದಿದ್ದೆ. ಅವಳು ಏನನ್ನೂ ತಿರುಚಿರಲಿಲ್ಲ. ಆದ್ದರಿಂದ ನಾನು ಪತ್ತೆಹಚ್ಚಿದ್ದೂ ಏನಿಲ್ಲ.

ನಿನ್ನ ಬೆನ್ನುನೋವು ಹೇಗಿದೆ? ಸಿದ್ದಾಪುರದ ಶಾಲೆಯಲ್ಲಿ ದಿನಕ್ಕೆ ಆರು ಅವಧಿ ನಿಂತೇ ಪಾಠ ಮಾಡುತ್ತೀಯೆಂದು ಅಳಿಯಂದಿರು ಹೇಳಿದರು. ಕುಳಿತು ಕಲಿಸಿದರೂ ವಿಜ್ಞಾನ ವಿಜ್ಞಾನವೇ, ಮಗಳೇ. ನಿನ್ನ ಅಮ್ಮಿ ಆರೋಗ್ಯವಾಗಿದ್ದಾಳೆ; ನನ್ನೊಡನೆ ಮಾತು ಕಡಿಮೆ ಮಾಡಿದ್ದಾಳೆ, ಕಾರಣ ನಾನು ಕೆಳಗೆ ಹೇಳುವ ಸಂಗತಿಯೇ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು 'ಇರ್ಲಿ ಬಿಡಿ ಅಬ್ಬಾ' ಎನ್ನುತ್ತಿದ್ದೆ, ನಾನೂ ಬಿಟ್ಟುಬಿಡುತ್ತಿದ್ದೆ.

ದೀಕ್ಷಿತಾ ನಿನ್ನ ಹಳೆಯ ಶಿಷ್ಯೆ. ವಜ್ರಳ್ಳಿಯಿಂದ ವರ್ಗವಾಗಿ ಹೋಗುವಾಗ ನೀನು ಅಲ್ಲಿನ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟೆಯಲ್ಲ, ಕುರ್‌ಆನಿನ ಕನ್ನಡ ಅನುವಾದ, ಅದನ್ನು ಓದಿದ ಮಗು ಅದೊಂದೇ ಎಂದು ಕಾಣುತ್ತದೆ. ಮೋಡ ಹುಟ್ಟುವ ಬಗೆಯನ್ನು ಕುರಿತ ಅವಳ ಪ್ರಬಂಧದಲ್ಲಿ ಅನ್-ನೂರ್ ಅಧ್ಯಾಯದ ಪ್ರಸ್ತಾಪವಿತ್ತು: ಮೋಡಗಳನ್ನು ಮೆಲ್ಲನೆ ಸಾಗಿಸಿ, ಒಂದಕ್ಕೊಂದು ಕೂಡಿಸಿ, ಆಮೇಲೆ ರಾಶಿಯಾಗಿ ಪೇರಿಸುವ ವರ್ಣನೆ. ಭೂಗೋಳ ಪಠ್ಯದಲ್ಲಿಯೂ 'ರಾಶಿಮೋಡ' ಎಂಬ ಹೆಸರಿದೆಯಷ್ಟೆ. ಅವಳು ಸಭೆಯೆದುರು ಅದನ್ನು ಓದುತ್ತಿರುವಾಗ ನಾನು ವೇದಿಕೆಯಿಂದಲೇ ತಡೆದೆ. 'ಈ ರಾಶಿ ನಿನ್ನ ಪಠ್ಯಪುಸ್ತಕದ್ದು ತಂಗಿ, ಗ್ರಂಥದ ಬಾಯಿಗೆ ತುರುಕಿದ್ದೀ. ಮೋಡ ಏನು ಮಂಡಿಗೆ ಬಂದ ಅಡಿಕೆಯೇ? ರಾಶಿಮೋಡ ಆಯಿತು, ಚಾಲಿಮೋಡ ಎಲ್ಲಿ?' ಎಂದೆ. ಅಡಿಕೆ ಬೆಳೆಯುವ ಊರಿನ ಸಭೆ. ರಾಶಿ, ಚಾಲಿ ಎರಡೂ ಅಡಿಕೆಯ ಬಗೆಗಳೆಂದು ತಿಳಿಯದವರು ಯಾರೂ ಇರಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ಪ್ರಾಮಾಣಿಕತೆಯ ಅಂಕಣದಲ್ಲಿ ಸೊನ್ನೆ ಕೊಟ್ಟೆ. ಅವಳು ಮೊದಲನೆಯ ಸ್ಥಾನದಿಂದ ನಾಲ್ಕನೆಯದಕ್ಕೆ ಇಳಿದಳು. ಶಿರಸಿಯ ಜಿಲ್ಲಾ ಸುತ್ತಿಗೆ ಮೊದಲನೆಯವರಿಗಷ್ಟೇ ಅವಕಾಶ.

ಕಳೆದ ಶುಕ್ರವಾರ ನಸುಕಿನ ಫಜ್ರ್ ನಮಾಜು ಆದ ಮೇಲೆ ಎಂದಿನಂತೆ ಓದುತ್ತ ಕುಳಿತವನು ಅದೇ ವಾಕ್ಯಕ್ಕೆ ಬಂದೆ. 'ರುಕಾಮ್' ಎಂಬ ಪದವನ್ನು ಸ್ವರ ಕೆಡದಂತೆ ಉಚ್ಚರಿಸಿ ಅಲ್ಲೇ ನಿಂತೆ. ಬಾಲ್ಯದಲ್ಲಿ ಉಚ್ಚಾರ ತಪ್ಪಿದ್ದಕ್ಕೆ ಉಸ್ತಾದರಿಂದ ಏಟು ತಿಂದ ಪದವದು. ಅರ್ಥವನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಸೀದಿಗೆ ಹೋಗಿ ಇಮಾಂ ಸಾಹೇಬರನ್ನು ಕೇಳಿದೆ. ಹಾವೇರಿ ಕಡೆಯ ಮನುಷ್ಯ, ಮೀಸೆಯಡಿ ನಗುತ್ತಲೇ ಹೇಳಿದರು: 'ಒಂದರ ಮ್ಯಾಲೊಂದು ಪೇರಿಸಿದ್ದಕ್ಕ ರುಕಾಮ್ ಅಂತಾರ್ರೀ ಮಾಸ್ತರ್ರ. ಅರವತ್ತ ವರ್ಷ ಓದೀರಿ, ಇವತ್ತ ಕೇಳಾಕತ್ತೀರಲ್ಲ.' ತರಗತಿಯಲ್ಲಿ ಮಕ್ಕಳನ್ನು ಪ್ರತಿಯೊಂದು ಪದಕ್ಕೂ ಅರ್ಥ ಕೇಳಿ, ಹೇಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು.

ಮನೆಗೆ ಬಂದು ಪ್ರಬಂಧದ ಪ್ರತಿಯನ್ನು ತೆಗೆದು ನೋಡಿದೆ. ವಿಜ್ಞಾನವೆಲ್ಲ ಗ್ರಂಥದಲ್ಲಿ ಮೊದಲೇ ಇತ್ತೆಂದು ಅವಳು ವಾದಿಸಿದಳೆಂದೂ ನಿನಗೆ ಬರೆದಿದ್ದೆನಲ್ಲವೇ? ಅದೂ ಸರಿಯಲ್ಲ. ಕೊನೆಯ ಪುಟದಲ್ಲಿ ಅವಳು ಬರೆದದ್ದು ಇಷ್ಟು: ಇದು ವಿಜ್ಞಾನಕ್ಕೆ ಪುರಾವೆಯಲ್ಲ, ಬೆಚ್ಚನೆಯ ತೇವದ ಗಾಳಿ ಮೇಲೇರಿ ತಣಿದು, ಧೂಳಿನ ಕಣಗಳ ಸುತ್ತ ಹನಿಗಟ್ಟುವುದನ್ನು ತಿಳಿಯಲು ಉಪಕರಣಗಳೇ ಬೇಕಾದವು, ಆದರೆ ಆಕಾಶವನ್ನು ನೋಡಿ ಅಚ್ಚರಿಪಡಿರೆಂದು ಮೊದಲು ಕರೆದ ಮಾತಿಗೂ ಬೆಲೆಯುಂಟು. ಈ ಪುಟವನ್ನು ನಾನು ಓದಿಯೇ ಇರಲಿಲ್ಲ. ಹಿಂದಿನ ಪುಟದ 'ಹವಮಾನ' ಎಂಬಲ್ಲಿ ದೀರ್ಘ ಬಿಟ್ಟುಹೋದದ್ದಕ್ಕೆ ಕೆಂಪು ಗೆರೆ ಎಳೆಯುತ್ತಿದ್ದೆ. ಗೆರೆ ಬಹಳ ನೇರವಾಗಿದೆ.

ನಿನ್ನೆ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ, 'ತಪ್ಪು ತಿಳಿವಳಿಕೆಯಿಂದ ಅಂಕ ಕಳೆದಿದ್ದೇನೆ, ಸರಿಪಡಿಸಬೇಕು' ಎಂದು ಅರ್ಜಿ ಕೊಟ್ಟೆ. ಅಲ್ಲಿನ ಗುಮಾಸ್ತೆ ಪರಿಮಳಾ ನನ್ನ ಕೈಯಲ್ಲೇ ಕಲಿತವಳು. 'ಸರ್, ತೀರ್ಪುಗಾರರ ಅಭಿಪ್ರಾಯ ಆಮೇಲೆ ಬದಲಾದ್ರೆ ಅಂಕ ಬದಲಾಗೂದಿಲ್ಲ. ವಿಷಯ ಗೊತ್ತಿಲ್ದೇನೇ ತೀರ್ಪು ಕೊಟ್ಟಿದ್ದು ಅಂತಾದ್ರೆ ಮಾತ್ರ ಸಾಹೇಬ್ರು ನೋಡ್ತಾರೆ. ನೀವು ಹಾಗೆಲ್ಲ ಮಾಡೋರಲ್ಲ, ಬಿಡಿ' ಎಂದಳು. ಅವಳ ಮುಖ ನೋಡಲಾರದೆ ಹಿಂದಿರುಗಿದೆ.

ಮಕ್ಕಳಿಗೆ ನನ್ನ ಮುತ್ತು, ಅಳಿಯಂದಿರಿಗೆ ಸಲಾಂ. ನಿನ್ನ ಕೈಯಲ್ಲಿ ಕಲಿಯುವ ಯಾವ ಮಗುವೂ ನಿನ್ನೆದುರು ಪ್ರಶ್ನೆ ಕೇಳಲು ಹೆದರದಿರಲಿ. ಅಲ್ಲಾಹನು ನಿನಗೆ ಅಷ್ಟು ಕರುಣಿಸಲಿ.

ನಿನ್ನ ಅಬ್ಬಾ,
ಮಕ್ಬೂಲಸಾಬ ಮುಲ್ಲಾ

ಮರೆತದ್ದು: ಹೀಗೆ ಬರೆದೆ, ಆದರೆ ಮರೆತಿರಲಿಲ್ಲ. ಅಂದು ಸಭೆಯ ನಗು ನಿಂತ ಮೇಲೆ ಆ ಹುಡುಗಿ, 'ಹಾಂಗಾದ್ರೆ ಅರಬಿ ಮೂಲದಲ್ಲಿ ಎಂತ ಇದ್ದು ಸರ್? ನೀವೇ ಹೇಳಿ, ತಿದ್ಕತ್ತೆ' ಎಂದು ಕೇಳಿದಳು. ಧ್ವನಿಯಲ್ಲಿ ಕುಹಕವಿರಲಿಲ್ಲ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬುದು ಆ ಕ್ಷಣದಲ್ಲೇ ಗೊತ್ತಿತ್ತು. ಆದರೂ 'ಆ ಅರ್ಥದ ಪದವೇ ಅಲ್ಲಿಲ್ಲ, ಕೂತ್ಕೋ' ಎಂದೆ. ಇದಕ್ಕೆ 'ತಪ್ಪು ತಿಳಿವಳಿಕೆ' ಎಂಬ ಪ್ರಯೋಗ ಸಲ್ಲದು. ಸುಳ್ಳು ಎನ್ನಬೇಕು. ಇಂದು ಮಧ್ಯಾಹ್ನ ಹೆಸರುಗಳ ಪಟ್ಟಿ ಶಿರಸಿಗೆ ಹೋಗುತ್ತದೆ. 'ಸುಳ್ಳು' ಎಂಬ ಪದವನ್ನೇ ಬರೆದು ಸಹಿ ಹಾಕಿದ ಇನ್ನೊಂದು ಅರ್ಜಿ ನನ್ನ ಜೇಬಿನಲ್ಲಿದೆ. ಪರಿಮಳಾ ಅದನ್ನು ನನ್ನೆದುರೇ ಓದಬೇಕು. ಹೊರಟೆ.

11 ನವೆಂಬರ್ 2025, ಬೆಳಿಗ್ಗೆ 9 ಗಂಟೆ 40 ನಿಮಿಷ.